ಅದು ಎಲ್ಲರಿಗೂ ಇರುತ್ತದೆ

ಮೊನ್ನೆ ಗುರುವಾರ ಉಡುಪಿಯ ಹೆದ್ದಾರಿ ಬದಿಯ ಕಾರು ಶೋರೂಮೊಂದರಲ್ಲಿ ನನ್ನ ಹೆಂಡತಿ ಕೇಳಿದ ಪ್ರಶ್ನೆ ನಾಲ್ಕು ದಿನ ಕಳೆದರೂ ತಲೆಯಿಂದ ಇಳಿದಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಕೊಟೇಶನ್ನಿನ ಆರನೆಯ ಸಾಲಿನ ಮೇಲೆ ಬೆರಳಿಟ್ಟು, "ಈ ಹ್ಯಾಂಡ್ಲಿಂಗ್ ಚಾರ್ಜ್ ಅಂದರೆ ಯಾರು ಏನನ್ನು ಹ್ಯಾಂಡಲ್ ಮಾಡುವುದು ಮಾರಾಯ?" ಎಂದಳು. ಎದುರಿಗೆ ಕುಳಿತಿದ್ದ ಹುಡುಗ ಒಂದು ಕ್ಷಣವೂ ತಡೆಯದೆ, ನಗು ಮಾಸದೆ, "ಅದು ಎಲ್ಲರಿಗೂ ಇರುತ್ತದೆ ಆಂಟಿ" ಎಂದ.

ಹುಡುಗ ಒಳ್ಳೆಯವನೇ. ಬೆಳ್ತಂಗಡಿ ಕಡೆಯವನು, ಕಾಫಿ ತರಿಸಿದ, ನನ್ನ ಮೊಣಕಾಲು ನೋವನ್ನು ಗಮನಿಸಿ ಡ್ರೈವರ್ ಸೀಟನ್ನು ತಾನೇ ಎತ್ತರಿಸಿಕೊಟ್ಟ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನ್ನಿಸಿರಲಾರದು. ಆ ಮಾತನ್ನು ಅವನಿಗೆ ಯಾರೋ ಕಲಿಸಿದ್ದರು, ಅವರಿಗೆ ಇನ್ಯಾರೋ.

ಆ ಸಾಲಿನಲ್ಲಿದ್ದದ್ದು 7,500 ರೂಪಾಯಿ, ಅದರ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಸೇರಿ 8,850. ಕಾರ್ಖಾನೆಯಿಂದ ಶೋರೂಮಿನ ಅಂಗಳದವರೆಗೆ ಕಾರನ್ನು ತರುವ ಖರ್ಚು, ನೋಂದಣಿ, ವಿಮೆ ಸೇರುವ ಮೊದಲಿನ ಎಕ್ಸ್-ಶೋರೂಮ್ ಬೆಲೆಯೊಳಗೇ ಅಡಗಿರುತ್ತದೆ. ಅದರಾಚೆಗೆ ಸರ್ಕಾರಕ್ಕೆ ಸಲ್ಲಬೇಕಾದದ್ದು ಲೆಕ್ಕಕ್ಕೆ ಸಿಗುವಂಥದ್ದು: ನಾವು ಆರಿಸಿದ ಕಾರಿನ ಬೆಲೆ 7,80,000, ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ನೂರಕ್ಕೆ 14, ಆ ತೆರಿಗೆಯ ಮೇಲೆ ನೂರಕ್ಕೆ 11ರ ಉಪಕರ, ಎರಡೂ ಸೇರಿ 1,21,212 ರೂಪಾಯಿ, ನೋಂದಣಿ ಶುಲ್ಕ 600. ಇವೆಲ್ಲ ಅಚ್ಚುಕಟ್ಟಾಗಿ ಬೇರೆ ಸಾಲುಗಳಲ್ಲಿದ್ದವು. ಹಾಗಾದರೆ ಆರನೆಯ ಸಾಲು ಯಾವುದಕ್ಕೆ? ಕಾರು ತೊಳೆದು ರಿಬ್ಬನ್ ಕಟ್ಟುವುದಕ್ಕೆ ಎಂದು ನಾನು ಊಹಿಸಿಕೊಂಡೆ. ಅದೇ ಹಾಳೆಯಲ್ಲಿ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದನ್ನೂ "ನಿಮಗಾಗಿ ವಿಶೇಷ ಉಳಿತಾಯ" ಎಂದು ಹಸಿರು ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಸರ್ಕಾರ ಬಿಟ್ಟುಕೊಟ್ಟ ತೆರಿಗೆಯನ್ನು ತಮ್ಮ ಕೈಯಿಂದ ಕೊಟ್ಟಂತೆ ಬರೆದುಕೊಂಡವರ ಧೈರ್ಯಕ್ಕೆ ಮೆಚ್ಚಬೇಕು.

ವಿಮೆಯ ಸಾಲು ಇನ್ನೂ ದಪ್ಪ, 46,800 ರೂಪಾಯಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸಾವಿರದಿಂದ ಸಾವಿರದೈನೂರು ಸಿಸಿಯ ಕಾರಿಗೆ ಅದರ ಕಂತು 10,640 ರೂಪಾಯಿ ಎಂದು ಮೊದಲೇ ನಿಗದಿಯಾಗಿದ್ದು, ಯಾವ ಕಂಪನಿಯಲ್ಲಿ ಮಾಡಿಸಿದರೂ ಬದಲಾಗುವುದಿಲ್ಲ. ಬದಲಾಗುವುದು ನಮ್ಮ ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗ ಮಾತ್ರ, ಶೋರೂಮಿನ ಕಮಿಷನ್ ಕುಳಿತಿರುವುದೂ ಅಲ್ಲಿಯೇ. ಹಿಂದಿನ ರಾತ್ರಿ ಮಗಳು ಅದೇ ಮೌಲ್ಯಕ್ಕೆ, ಅದೇ ಝೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಸೌಲಭ್ಯ) ಸೇರಿಸಿ ಹೊರಗಿನ ದರ ತೆಗೆದಿಟ್ಟಿದ್ದಳು: 33,400. ನಾನು ಅದನ್ನು ತೋರಿಸಿದಾಗ ಹುಡುಗನ ಮುಖದ ನಗು ಮೊದಲ ಬಾರಿಗೆ ಅಲುಗಿತು. ಹೊರಗಿನ ವಿಮೆಯಾದರೆ ಕ್ಯಾಶ್‌ಲೆಸ್, ಅಂದರೆ ರಿಪೇರಿಯ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ಸೌಲಭ್ಯ, ಸಿಗುವುದಿಲ್ಲ ಎಂದ. ಅದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಒಪ್ಪಂದವಿದೆಯೇ ಎಂಬುದರ ಮೇಲೆ ನಿಂತ ಸಂಗತಿ, ಪಾಲಿಸಿಯನ್ನು ಯಾರು ಮಾರಿದರು ಎಂಬುದರ ಮೇಲಲ್ಲ ಎಂದೆ. ಅವನು ಮ್ಯಾನೇಜರನ್ನು ಕರೆತರಲು ಎದ್ದುಹೋದ.

ಆ ಐದು ನಿಮಿಷದಲ್ಲಿ ನನಗೆ ಗೆದ್ದವನ ಹುಮ್ಮಸ್ಸು ಬರಬೇಕಾಗಿತ್ತು. ಬದಲಿಗೆ ನೆನಪಾದದ್ದು ನನ್ನದೇ ಮೇಜು. ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, ನಾನೂ ಒಂದು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅದರಲ್ಲಿ ಒಂಬತ್ತು ವರ್ಷ ವಾಹನ ಸಾಲದ ಕಡತಗಳು ನನ್ನ ಕೈಯಿಂದಲೇ ಹಾದುಹೋಗುತ್ತಿದ್ದವು. ಪ್ರತಿ ಕಡತದ ಮೊದಲ ಹಾಳೆ ಇಂಥದೇ ಕೊಟೇಶನ್. ನಾನು ನೋಡುತ್ತಿದ್ದದ್ದು ಕೊನೆಯ ಸಾಲಿನ ಆನ್-ರೋಡ್ ಮೊತ್ತವನ್ನು, ಅರ್ಜಿದಾರನ ಸಂಬಳದ ಚೀಟಿಯನ್ನು, ಕಂತು ಅವನಿಗೆ ಎಟಕುತ್ತದೆಯೇ ಎಂಬುದನ್ನು. ಆರನೆಯ ಸಾಲು ಆಗಲೂ ಇತ್ತು. ಅದನ್ನೂ ಸೇರಿಸಿಯೇ ಸಾಲ ಕೊಟ್ಟೆವು, ಅದರ ಮೇಲೆ ಏಳು ವರ್ಷ ಬಡ್ಡಿಯನ್ನೂ ತೆಗೆದುಕೊಂಡೆವು. ಮಲ್ಪೆಯ ಬೋಟಿನಲ್ಲಿ ದುಡಿದು ಮೊದಲ ಕಾರು ಕೊಳ್ಳಲು ಬಂದಿದ್ದ ಒಬ್ಬಾತ ನಮ್ಮ ಪ್ರೊಸೆಸಿಂಗ್ ಫೀ ಏಕೆಂದು ಕೇಳಿದಾಗ, ಕಡತದಿಂದ ತಲೆ ಎತ್ತದೆ ನಾನು ಕೊಟ್ಟ ಉತ್ತರ ನನಗೆ ಸ್ಪಷ್ಟವಾಗಿ ನೆನಪಿದೆ. ಅದು ಎಲ್ಲರಿಗೂ ಇರುತ್ತದೆ ಎಂದಿದ್ದೆ. ಅವನೂ ಸುಮ್ಮನಾಗಿದ್ದ. ಎಲ್ಲರೂ ಕೊಡುವುದನ್ನು ತಾನೊಬ್ಬನೇ ಕೊಡುವುದಿಲ್ಲವೆಂದರೆ ಜಿಪುಣನೆನ್ನಿಸಿಕೊಳ್ಳಬೇಕಾಗುತ್ತದೆ, ಕಾರು ಕೊಳ್ಳುವ ದಿನ ಯಾರಿಗೂ ಜಿಪುಣರಾಗಲು ಮನಸ್ಸಿರುವುದಿಲ್ಲ.

ಹೆಂಡತಿಗೆ ಇಂಥ ಸಂಕೋಚವಿಲ್ಲ. ಅವಳ ತವರು ಶಂಕರಪುರದ ಮಗ್ಗುಲು. ಅಲ್ಲಿಯ ಮಲ್ಲಿಗೆಗೆ ದಿನವೂ ಅಟ್ಟೆಗೆ ಇಷ್ಟೆಂದು ದರ ಕಟ್ಟುತ್ತಾರೆ, ಬೆಳೆದವರಿಗೂ ಗೊತ್ತು, ಕಟ್ಟುವವರಿಗೂ ಗೊತ್ತು, ಮುಡಿಯುವವರಿಗೂ ಗೊತ್ತು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಚೆಂಡಿಗೆ ಎಂಟುನೂರು ಹೂವು. ಹಬ್ಬದ ದಿನ ದರ ಆಕಾಶಕ್ಕೇರಿದರೂ ಮೋಸವಾಯಿತೆಂದು ಆಕೆ ಹೇಳಿದ್ದನ್ನು ನಾನು ಕೇಳಿಲ್ಲ. ದುಬಾರಿ ಎನ್ನುತ್ತಾಳೆ, ಅಷ್ಟೇ.

ಮ್ಯಾನೇಜರ್ ಬಂದರು. ಕಂಪ್ಯೂಟರ್ ನೋಡಿದಂತೆ ಮಾಡಿದರು (ಪರದೆ ಅವರ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ). ನಂತರ ಆರನೆಯ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ವಿಮೆಯನ್ನು 35,000ಕ್ಕೆ ಇಳಿಸಿದರು. ಎಂಟು ನಿಮಿಷದಲ್ಲಿ 20,650 ರೂಪಾಯಿ ಮಾಯವಾಯಿತು. ಹಾಳೆಯನ್ನು ನನ್ನತ್ತ ತಳ್ಳುತ್ತಾ ತಗ್ಗಿದ ದನಿಯಲ್ಲಿ, "ಸರ್, ಬ್ಯಾಂಕಿನವರು ಅಂತ ನಿಮಗೆ ಮಾತ್ರ. ದಯವಿಟ್ಟು ಇದನ್ನು ಇಲ್ಲಿ ಯಾರಿಗೂ ಹೇಳಬೇಡಿ" ಎಂದರು.

ನಾನು ತಲೆಯಾಡಿಸಿದೆ. ಸಹಿ ಹಾಕಲು ಪೆನ್ನು ಹುಡುಕುತ್ತಿರುವಾಗ ನಮ್ಮ ಹುಡುಗ ಪಕ್ಕದ ಮೇಜಿಗೆ ಹೋಗಿ ಕುಳಿತಿದ್ದ. ಅಲ್ಲಿ ಕಾರ್ಕಳದ ಕಡೆಯವರಂತೆ ಮಾತಾಡುತ್ತಿದ್ದ ಅಪ್ಪ ಮಗ, ಅವರ ಮುಂದೆ ಅದೇ ಹಸಿರು ಅಕ್ಷರದ ಹಾಳೆ. ಅಪ್ಪ ಆ ಹಾಳೆಯ ಮೇಲೆ ಬೆರಳಿಟ್ಟು ಏನೋ ಕೇಳಿದರು. ಹುಡುಗ ನಗುತ್ತಾ ಉತ್ತರಿಸಿದ. ದೂರ ಮೂರಡಿಯೂ ಇರಲಿಲ್ಲ, ನಾಲ್ಕೂ ಪದಗಳು, ಕೊನೆಯಲ್ಲಿ ಆಂಟಿಯ ಬದಲು ಅಂಕಲ್, ಸ್ಪಷ್ಟವಾಗಿ ಕೇಳಿಸಿದವು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಕನ್ನಡಕ ಹಾಕಿಕೊಂಡು ಸಹಿ ಎಲ್ಲಿ ಮಾಡಬೇಕೆಂದು ಮ್ಯಾನೇಜರನ್ನು ಕೇಳಿದೆ.