ಗಂಟಾದರೂ ಹಾಕಬೇಡಿ ಸರ್

ಈ ಮಂಗಳವಾರ ಬೆಳಿಗ್ಗೆ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಗೆ ಕಸದ ಗಾಡಿ ಬಂದಾಗ ಕೇಳಿಸಿಕೊಂಡ ಮಾತೊಂದು ಇನ್ನೂ ಕಿವಿಯಲ್ಲೇ ಇದೆ. ಎದುರು ಮನೆಯ ಗೇಟಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲದ ಬಿಗಿಗಂಟನ್ನು ಬಿಚ್ಚಲು ಪೌರಕಾರ್ಮಿಕ ಮಹಿಳೆ ಹೆಣಗುತ್ತಿದ್ದರು. ಚೀಲ ಹರಿದರೆ ಒಳಗಿನದೆಲ್ಲ ರಸ್ತೆಗೆ ಚೆಲ್ಲುತ್ತದೆ, ಅದನ್ನು ಗುಡಿಸಬೇಕಾದವರೂ ಅವರೇ. ಹಾಗಾಗಿ ಉಗುರಿನಿಂದಲೇ ಮೆಲ್ಲಗೆ ಸಡಿಲಿಸಿದರು. ಒಳಗೆ ಹಳಸಿದ ಸಾರನ್ನ, ಹಾಲಿನ ಕವರು, ಅವುಗಳ ನಡುವೆ ಬಳಸಿ ಬಿಸಾಡಿದ ಇನ್ಸುಲಿನ್ ಸೂಜಿ.

“ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಸರ್” ಎಂದರು. “ನಾವು ತೆರಿಗೆ ಕಟ್ಟೋದು ಮತ್ಯಾಕಮ್ಮ? ಅದು ನಿಮ್ಮ ಕೆಲಸ” ಎಂದರು ಮನೆಯ ಹಿರಿಯರು. ಆಕೆ ದನಿ ಏರಿಸಲಿಲ್ಲ. “ಆಯ್ತು ಸರ್, ಗಂಟಾದ್ರೂ ಹಾಕ್ಬೇಡಿ.”

ನ್ಯಾಯವಾಗಿ ಸಿಗಬೇಕಾದದ್ದನ್ನು ಕೇಳಿ ಸಾಕಾದವರು ಇಷ್ಟು ಸಣ್ಣದಕ್ಕೆ ಇಳಿಯಬೇಕಾಯಿತಲ್ಲ ಎಂಬುದೇ ನನ್ನನ್ನು ಕಲಕಿದ್ದು. ವಿಂಗಡಿಸುವುದು ಅವರ ಕೆಲಸವಲ್ಲ. ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯವರೇ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಸ್ಪಷ್ಟವಾಗಿ ಹೇಳಿದ್ದವು, ಬಳಸಿದ ಸೂಜಿಯನ್ನು ಅಪಾಯಕಾರಿ ಕಸದ ಸಾಲಿನಲ್ಲೇ ಸೇರಿಸಿದ್ದವು. ಅದೇ ವರ್ಷ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದದ್ದನ್ನು ನೆಂಟರಿಷ್ಟರೆದುರು ಹೆಮ್ಮೆಯಿಂದ ಹೇಳುವವರಲ್ಲಿ ಈ ಹಿರಿಯರೂ ಒಬ್ಬರು.

ಅವರು ಕೆಟ್ಟವರಲ್ಲ. ಹಬ್ಬಕ್ಕೆ ಆಕೆಗೆ ಸೀರೆ ಕೊಡುತ್ತಾರೆ. ಆದರೆ ದಾನ ಕೊಡುವಷ್ಟು ಸುಲಭವಾಗಿ ಎರಡು ಬಕೆಟ್ ಇಡಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಕೊಳೆ ಮುಟ್ಟುವುದು ಕೆಲವರ ಪಾಲಿಗೆ ಬರೆದದ್ದೆಂಬ ಹಳೆಯ ನಂಬಿಕೆ, ಓದು, ನೌಕರಿ, ನಿವೃತ್ತಿ ಎಲ್ಲವನ್ನೂ ದಾಟಿ, ನಮ್ಮ ಮನೆಗಳಲ್ಲಿ ಉಳಿದುಕೊಂಡಿದೆ. ತೆರಿಗೆಯ ಮಾತು ಅದಕ್ಕೆ ಹೊದಿಸಿದ ಶಾಲು.

ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಬಗೆಬಗೆಯಾಗಿ ಬೇರ್ಪಟ್ಟು ಮಾರಾಟವಾಗುತ್ತದೆ. ಅಡುಗೆಮನೆಯಲ್ಲೇ ಬೇರೆಯಾಗಿ ಬಂದ ಕಸಕ್ಕೆ ಅಲ್ಲಿ ಬೆಲೆಯಿದೆ. ಸಾರು ಸೋಕಿ ಒದ್ದೆಯಾದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಬೆರೆತ ಗೊಬ್ಬರವನ್ನು ರೈತ ಗದ್ದೆಗೆ ಹಾಕುವುದಿಲ್ಲ. ವಿದ್ಯಾರಣ್ಯಪುರಂನ ಸೀವೇಜ್ ಫಾರಂನಲ್ಲಿ ವರ್ಷಗಟ್ಟಲೆ ಗುಡ್ಡವಾಗಿ ಬಿದ್ದದ್ದು ಇಂಥ ಬೆರಕೆ ಕಸವೇ, ಅದರ ನಾತ ಕುಡಿದವರು ಸುತ್ತಲಿನ ಬಡಾವಣೆಯವರು.

ಭಾನುವಾರ ಬೀದಿಯ ನಾಲ್ಕೈದು ಮನೆಯವರು ಸೇರಿ ಹಿರಿಯರನ್ನು ಕಾಣಲಿದ್ದೇವೆ. ಬಕೆಟ್ ವಿಷಯ ಒಪ್ಪದಿದ್ದರೂ, ಸೂಜಿಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಒಳಗೆ ಸೂಜಿಯಿದೆ ಎಂದು ತಿಳಿಸಿ ಗಾಡಿಗೆ ಕೊಡಲು ಒಪ್ಪಿಸದೆ ಎದ್ದುಬರುವುದಿಲ್ಲ.