ಕುರಿಮರಿ ಎಲ್ಲಿ ಅಪ್ಪಾ?

ಈ ಸಲ ಪಾಸ್ಕ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪೂಜೆಯಲ್ಲಿ, ಬೈಬಲಿನಿಂದ ಓದುವ ಎರಡನೇ ವಾಚನ ನನ್ನ ಪಾಲಿಗೆ ಬಂತು. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕಥೆ, ಆದಿಕಾಂಡದ 22ನೇ ಅಧ್ಯಾಯ.

ಚಿಕ್ಕವನಿದ್ದಾಗ ಈ ಜಾಗರಣೆಯಲ್ಲಿ ನಾನು ಎಚ್ಚರವಾಗಿ ಇದ್ದದ್ದೇ ಕಡಿಮೆ. ಹೊಸ ಬೆಂಕಿ ಹಚ್ಚುವಾಗ, ದೊಡ್ಡ ಮೇಣದ ಬತ್ತಿ ಒಳಗೆ ಬರುವಾಗ ಕಣ್ಣು ಬಿಟ್ಟಿರುತ್ತಿದ್ದೆ. ಆಮೇಲೆ ಬತ್ತಿ ಆರಿಸಿ ಎಲ್ಲರೂ ಕೂತರೆ ಮುಗೀತು, ನಿದ್ದೆ. ಯೇಸುವಿಗಿಂತ ಹಿಂದಿನ ಗ್ರಂಥಗಳಿರುವ ಹಳೆ ಒಡಂಬಡಿಕೆಯಿಂದಲೇ ಏಳು ವಾಚನ ಇರುತ್ತವೆ, ಸಮಯ ಇಲ್ಲದ ಕಡೆ ಕೆಲವನ್ನು ಬಿಡ್ತಾರೆ. ಆದರೆ ಇಸ್ರಾಯೇಲರು ಮೋಶೆಯ ಹಿಂದೆ ಸಮುದ್ರ ದಾಟಿದ ವಾಚನವನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಯೇಸು ಎದ್ದು ಬಂದ ರಾತ್ರಿ ಮೋಶೆಯ ಕಥೆ ಯಾಕೆ ಅಂತ ಆಗ ಅನ್ನಿಸುತ್ತಿತ್ತು. ಸುಮ್ನೆ ಉದ್ದ ಮಾಡ್ತಾರೆ ಅಂದುಕೊಂಡಿದ್ದೆ.

ವಾಚನಕ್ಕೆ ತಯಾರಿ ಮಾಡಿಕೊಳ್ಳುವಾಗ ಒಂದು ಸಾಲು ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಕಟ್ಟಿಗೆ ಹೊತ್ತ ಹುಡುಗ ಅಪ್ಪನನ್ನು ಕೇಳ್ತಾನೆ, ಬೆಂಕಿ ಇದೆ, ಕಟ್ಟಿಗೆ ಇದೆ, ಬಲಿಗೆ ಕುರಿಮರಿ ಎಲ್ಲಿ? ದೇವರೇ ಒದಗಿಸ್ತಾನೆ ಮಗನೇ ಅಂತಾನೆ ಅಪ್ಪ. ಕೊನೆಗೆ ಮಗನ ಬದಲಿಗೆ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡು ನಿಂತದ್ದು ಟಗರು. ಕೇಳಿದ್ದು ಮರಿ, ಸಿಕ್ಕಿದ್ದು ಟಗರು! ಎಷ್ಟೋ ಶತಮಾನ ಕಳೆದ ಮೇಲೆ ಸ್ನಾನಿಕ ಯೋವಾನ್ನ ಯೇಸುವಿನ ಕಡೆ ಕೈ ತೋರಿಸಿ, ಇಗೋ ದೇವರ ಕುರಿಮರಿ ಅನ್ನುವಾಗ ಆ ಹುಡುಗನ ಪ್ರಶ್ನೆಗೆ ಉತ್ತರ ಬಂತು ಅಂತ ಕ್ರೈಸ್ತರ ಕಿವಿಗೆ ಕೇಳಿಸುತ್ತದೆ. ಪವಿತ್ರ ಗುರುವಾರ ಓದುವ ಪಾಸ್ಕದ ಕುರಿಮರಿಯೂ, ಅಂದರೆ ಈಜಿಪ್ಟಿನಿಂದ ಹೊರಡುವ ರಾತ್ರಿ ಇಸ್ರಾಯೇಲರು ಕೊಯ್ದು ತಿಂದ ಮರಿಯೂ, ಇದೇ ಸಾಲಿನದು. ಅದರ ಒಂದು ಎಲುಬನ್ನೂ ಮುರಿಯಬಾರದು ಅಂತ ವಿಮೋಚನಾಕಾಂಡ ಹೇಳುತ್ತದೆ. ಶಿಲುಬೆಯ ಮೇಲೆ ಯೇಸು ಆಗಲೇ ಸತ್ತಿದ್ದರಿಂದ ಸೈನಿಕರು ಅವರ ಕಾಲು ಮುರಿಯಲಿಲ್ಲ ಅಂತ ಬರೆದ ಶುಭಸಂದೇಶಕಾರ ಯೋವಾನ್ನರು (ಸ್ನಾನಿಕನಲ್ಲ, ಬೇರೆಯವರು), ಶಾಸ್ತ್ರದ ಮಾತು ನೆರವೇರಿತು ಅಂತ ಅಲ್ಲೇ ಸೇರಿಸುತ್ತಾರೆ.

ನೆರವೇರುವುದು ಅಂದರೆ ಕಣಿ ಹೇಳಿದ್ದು ನಿಜವಾದ ಹಾಗೆ ಅಂತ ತುಂಬಾ ಜನ ಅಂದುಕೊಳ್ತಾರೆ. ಇಷ್ಟು ಪ್ರವಾದನೆ, ಇಷ್ಟು ಹೊಂದಿತು ಅಂತ ಲೆಕ್ಕ ಹಾಕುವವರೂ ಇದ್ದಾರೆ. ನನಗೆ ಆ ಲೆಕ್ಕ ಅಷ್ಟು ಹಿಡಿಸಲ್ಲ. ಶುಭ ಶುಕ್ರವಾರ ಓದುವ, ಪ್ರವಾದಿ ಯೆಶಾಯನ ಪುಸ್ತಕದ 53ನೇ ಅಧ್ಯಾಯವನ್ನೇ ನೋಡಿ, ನಮ್ಮ ದ್ರೋಹಗಳಿಗಾಗಿ ಗಾಯಗೊಂಡ ಸೇವಕ, ಕೊಯ್ಯಲು ಒಯ್ಯುವ ಕುರಿಮರಿಯ ಹಾಗೆ ಬಾಯಿ ತೆರೆಯದವನು. ಯೇಸುವಿನ ನಂತರ ಯಾರೋ ಬರೆದು ಸೇರಿಸಿದ್ದಲ್ಲ ಇದು. 1947ರಲ್ಲಿ ಮೃತ ಸಮುದ್ರದ ಹತ್ತಿರದ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಯೇಸುವಿಗಿಂತ ಸುಮಾರು ನೂರು ವರ್ಷ ಹಳೆಯದು, ಅದರಲ್ಲೂ ಈ ಅಧ್ಯಾಯ ಇದೆ. ಆದರೆ ಮಾತು ಹಳೆಯದು ಅಂತ ಸುರುಳಿ ತೋರಿಸಬಹುದು, ಆ ಸೇವಕ ಯಾರು ಅಂತ ಅಲ್ಲ. ಕಷ್ಟ ಉಂಡ ಇಸ್ರಾಯೇಲ್ ಜನಾಂಗವೇ ಆ ಸೇವಕ ಅಂತ ಯೆಹೂದ್ಯರಲ್ಲಿ ಬಹಳ ಜನ ಓದುತ್ತಾರೆ, ಹಾಗೆ ಓದಲು ಅದೇ ಪುಸ್ತಕದಲ್ಲಿ ಆಧಾರವೂ ಇದೆ. ಇಸಾಕನ ಕಥೆಯನ್ನೂ ಅವರು ತಮ್ಮ ಹೊಸ ವರ್ಷದ ಹಬ್ಬದಲ್ಲಿ ಓದುತ್ತಾರೆ, ನಾವು ಹುಟ್ಟುವ ಮೊದಲೇ ಅದು ಅವರ ಮನೆಯ ಕಥೆ ಅಲ್ವಾ.

ಎರಡನೇ ಶತಮಾನದಲ್ಲಿ ಮಾರ್ಸಿಯನ್ ಅನ್ನುವವನು ಹಳೆ ಒಡಂಬಡಿಕೆಯ ಈ ಹೀಬ್ರೂ ಗ್ರಂಥಗಳೇ ಬೇಡ, ಕಿತ್ತುಹಾಕೋಣ ಅಂದ. ರೋಮಿನ ಕ್ರೈಸ್ತ ಸಭೆ ಅವನನ್ನೇ ಹೊರಗೆ ಹಾಕಿತು. ಒಳ್ಳೇದಾಯ್ತು.

ನನಗೆ ಇದೆಲ್ಲ ಅರ್ಥವಾಗುವುದು ಎಮ್ಮಾವು ದಾರಿಯಲ್ಲಿ. ಯೇಸು ಸತ್ತರು ಅಂತ ಮುಖ ಬಾಡಿಸಿಕೊಂಡು ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಹೊರಟಿದ್ದಾರೆ, ಏಳು ಮೈಲಿ ನಡಿಗೆ. ಜೊತೆಗೆ ಸೇರಿಕೊಂಡ ಅಪರಿಚಿತ ಮೋಶೆಯಿಂದ ಶುರುಮಾಡಿ ಎಲ್ಲಾ ಪ್ರವಾದಿಗಳ ಮಾತನ್ನು ಬಿಡಿಸಿ ಹೇಳ್ತಾನೆ. ಯಾವ ಯಾವ ವಚನ ಹೇಳಿದರು ಅಂತ ಈ ಕಥೆ ಬರೆದ ಲೂಕ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು, ಬರೆದಿಲ್ಲ! ಅವರಿಬ್ಬರೂ ಚಿಕ್ಕಂದಿನಿಂದ ಆ ವಚನಗಳನ್ನು ಕೇಳಿದವರೇ, ಆದರೂ ಇದು ಹೀಗೆ ಅಂತ ಮೊದಲೇ ಹೊಳೆದಿರಲಿಲ್ಲ. ಅಷ್ಟು ಕೇಳಿದ ಮೇಲೂ ಜೊತೆಗಿದ್ದವನು ಯೇಸುವೇ ಅಂತ ಗೊತ್ತಾಗಿದ್ದು ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗ. ನಂತರವೇ ಒಬ್ಬರಿಗೊಬ್ಬರು ಹೇಳಿಕೊಂಡರು, ದಾರಿಯಲ್ಲಿ ನಮ್ಮ ಎದೆ ಉರಿಯುತ್ತಿತ್ತಲ್ಲವೇ ಅಂತ. ಮೊದಲು ಆದದ್ದು ಅನುಭವಿಸಿದರು, ಆಮೇಲೆ ಹಿಂದಕ್ಕೆ ತಿರುಗಿ ಓದಿದರು.

ಆ ರಾತ್ರಿ ಓದುವಾಗ ಇಸಾಕನ ಪ್ರಶ್ನೆ ಬಂದ ಜಾಗದಲ್ಲಿ ಒಂದು ಕ್ಷಣ ನಿಂತೆ, ಬೇಕಂತಲೇ ಅಲ್ಲ, ದನಿ ಹೊರಡಲಿಲ್ಲ. ಮುಗಿಸಿ ಕೆಳಗಿಳಿದು ಬರುವಾಗ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಅಪ್ಪನ ತೋಳಿಗೆ ಒರಗಿ ಗಾಢ ನಿದ್ದೆಯಲ್ಲಿದ್ದ. ಸಮುದ್ರ ದಾಟುವುದು ಇನ್ನೂ ಬಾಕಿ ಇತ್ತು.