ಗುಡ್ಡದ ಹಿಂದಿನ ಟವರ್: ನಮ್ಮ ಮನೆ ಆಂಟೆನಾ ಕೆಲಸ ಎಲ್ಲಿವರೆಗೆ ಬಂತು

ಈ ವಾರ ಮೊದಲ ಸಲ ಆರಕ್ಕೆ ಆರೂ ಮಲ್ಟಿಪ್ಲೆಕ್ಸ್ (ಟಿವಿ ಚಾನೆಲ್‌ಗಳ ಮೂಟೆ) ಗಾಳಿ ಮಳೆಯಲ್ಲೂ ಒಟ್ಟಿಗೆ ಗಟ್ಟಿಯಾಗಿ ಸಿಕ್ಕವು. ಏಪ್ರಿಲ್‌ನಲ್ಲಿ ಶುರು ಮಾಡಿದ ಕೆಲಸ, ಈಗ ಆಗಸ್ಟ್ ಕೊನೆ. ಏನೇನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಮಿಡಲ್ಸ್‌ಬರೋ ಹತ್ತಿರದ ಗಿಸ್ಬರೋ ಎಂಬ ಪೇಟೆಯಲ್ಲಿ. ಊರಿನ ದಕ್ಷಿಣಕ್ಕೆ ಗೋಡೆ ಕಟ್ಟಿದ ಹಾಗೆ ಗುಡ್ಡ. ಮೇಲೆಲ್ಲ ಕಾಡು, ಕಾಡಿನ ನೆತ್ತಿಯಲ್ಲಿ ಹೈಕ್ಲಿಫ್ ನ್ಯಾಬ್ ಎಂಬ ಬಂಡೆ, 300 ಮೀಟರ್‌ಗೂ ಎತ್ತರ. ಅದರ ಹಿಂದೆ ಸುಮಾರು 20 ಕಿ.ಮೀ. ದೂರದ ಬಯಲು ದಿಬ್ಬದಲ್ಲಿ ಬಿಲ್ಸ್‌ಡೇಲ್ ಟವರ್ ಇದೆ. ಈ ಸೀಮೆಗೆಲ್ಲ ಟಿವಿ ಕೊಡುವುದು ಅದೇ. ನಮ್ಮ ಮನೆಯಿಂದ ನೋಡಿದರೆ ಗುಡ್ಡ ಕಾಣುತ್ತದೆ, ಟವರ್ ಕಾಣುವುದಿಲ್ಲ. ತೊಂದರೆಯೆಲ್ಲ ಅಲ್ಲೇ ಇರುವುದು.

ಮಲ್ಟಿಪ್ಲೆಕ್ಸ್ ಅಂದರೆ ಇಲ್ಲಿ ಸಿನಿಮಾ ಮಂದಿರ ಅಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳನ್ನು ಒಂದು ಮೂಟೆ ಕಟ್ಟಿ ಕಳಿಸುವುದು. ಬ್ರಿಟನ್ನಿನ ಫ್ರೀವ್ಯೂ ಸೇವೆಯಲ್ಲಿ ಅಂಥ ಮುಖ್ಯ ಮೂಟೆ ಆರು. ಮೂರರಲ್ಲಿ ಬಿಬಿಸಿ, ಐಟಿವಿ, ಚಾನೆಲ್ 4 ಮುಂತಾದ ಸಾರ್ವಜನಿಕ ಚಾನೆಲ್‌ಗಳು. ಉಳಿದ ಮೂರರಲ್ಲಿ ಕಮರ್ಷಿಯಲ್ ಚಾನೆಲ್‌ಗಳು. ಗುಡ್ಡದ ನೆರಳಿನ ಊರುಗಳಿಗೆ ಅಂತ ಇಟ್ಟ ಚಿಕ್ಕ ರಿಲೇ ಟವರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರೇ ಬರುವುದು. ಇಷ್ಟು ವರ್ಷ ನಮ್ಮದೂ ರಿಲೇ ಆಂಟೆನಾನೇ.

ಹಾಗಾದರೆ ಈಗ ದೊಡ್ಡ ಟವರ್ ಯಾಕೆ ಬೇಕಾಯ್ತು? ಅಮ್ಮನಿಗಾಗಿ. ಪ್ರತಿ ಬೇಸಿಗೆಗೆ ತೀರ್ಥಹಳ್ಳಿಯಿಂದ ಬರುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಹಳೇ ಕಪ್ಪುಬಿಳುಪು ಸಿನಿಮಾ ಅಂದರೆ ಪ್ರಾಣ, ಯಾವ ಭಾಷೆಯದಾದರೂ ಸರಿ. ಇಡೀ ದಿನ ಅಂಥ ಸಿನಿಮಾ ಹಾಕುವ ಚಾನೆಲ್ ಇರುವುದು ಆ ಕಮರ್ಷಿಯಲ್ ಮೂಟೆಯಲ್ಲಿ. ಇಂಟರ್ನೆಟ್‌ನಲ್ಲಿ ಹುಡುಕಿ ಹಾಕಿಕೊಡಬಹುದು, ನಿಜ. ಆದರೆ ರಿಮೋಟ್ ಒತ್ತಿದ ಕೂಡಲೇ ಟಿವಿ ಬರಬೇಕು, ಮಗನನ್ನು ಕರೆಯಬಾರದು, ಅದು ಅವರ ಆಸೆ. ಈ ಮೂಟೆಗಳ ಪ್ರಸಾರ ಪರವಾನಗಿಗಳು 2034ರ ವರೆಗೆ ಇರುವುದರಿಂದ ಕೆಲಸ ವ್ಯರ್ಥ ಆಗುವುದಿಲ್ಲ ಅನ್ನಿಸಿತು.

ಇನ್ನೊಂದು ಕಾರಣವೂ ಇದೆ. 2021ರ ಆಗಸ್ಟ್ 10ರಂದು ಬಿಲ್ಸ್‌ಡೇಲ್ ಟವರ್‌ಗೆ ಬೆಂಕಿ ಬಿತ್ತು. 300 ಮೀಟರ್‌ಗೂ ಮೀರಿದ ಟವರ್. ಒಂದೇ ಮಧ್ಯಾಹ್ನದಲ್ಲಿ ಲಕ್ಷಾಂತರ ಮನೆಗಳಲ್ಲಿ ಟಿವಿ ಹೋಯಿತು. ರಿಲೇಗಳೂ ಸತ್ತವು, ಯಾಕೆಂದರೆ ಅವು ಸಿಗ್ನಲ್ ತೆಗೆದುಕೊಳ್ಳುವುದೇ ದೊಡ್ಡ ಟವರ್‌ನಿಂದ. ತಾಯಿ ಬೇರು ಒಣಗಿದರೆ ಕೊಂಬೆ ಉಳಿಯುತ್ತದಾ? ಅಕ್ಟೋಬರ್‌ನಲ್ಲಿ ಸುಟ್ಟ ಟವರ್ ಕೆಡವಿದರು. ಅದೇ ತಿಂಗಳು 80 ಮೀಟರ್‌ನ ತಾತ್ಕಾಲಿಕ ಟವರ್ ಚಾಲೂ ಆಯಿತು. ಎತ್ತರದ ಹೊಸ ಟವರ್ ಬಂದಿದ್ದು 2023ರಲ್ಲಿ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಆ ವಾರಗಳಲ್ಲಿ ಅವರ ಟಿವಿ ಕಪ್ಪಾಗಿ ಕೂತಿದ್ದನ್ನು ನೋಡಿದ್ದೆ. ಮನೆಯಲ್ಲಿ ಇನ್ನೊಂದು ದನಿ ಇಲ್ಲದ ಹಾಗಾಗಿತ್ತು ಅವರಿಗೆ. ಆಗಿನಿಂದ ಈ ಟವರ್ ಮೇಲೆ ನನಗೆ ಒಂಥರಾ ಗೌರವ.

ಏಪ್ರಿಲ್, ಮೊದಲ ಲೆಕ್ಕ

ನಕ್ಷೆ ತೆಗೆದು ಮನೆಯಿಂದ ಟವರ್ ತುದಿಗೆ ಗೆರೆ ಎಳೆದೆ. ಗುಡ್ಡ ನಮ್ಮಿಂದ 3 ಕಿ.ಮೀ. ಅಲ್ಲಿ ಗುಡ್ಡದ ನೆತ್ತಿ ಆ ಗೆರೆಗಿಂತ ನೂರು ಮೀಟರ್‌ಗೂ ಜಾಸ್ತಿ ಮೇಲಿದೆ. ಅಂದರೆ ನೇರ ಸಿಗ್ನಲ್ ಇಲ್ಲವೇ ಇಲ್ಲ. ಗುಡ್ಡದ ಅಂಚಿನಲ್ಲಿ ಬಾಗಿ ಇಳಿದು ಬಂದದ್ದಷ್ಟೇ ನಮಗೆ. ನನ್ನ ಲೆಕ್ಕಕ್ಕೆ ಸುಮಾರು 25 ಡೆಸಿಬೆಲ್ ನಷ್ಟ, ಅಂದರೆ ಮುನ್ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕೇಳಿದರೆ ಗಾಬರಿ ಆಗುತ್ತದೆ. ಆದರೆ 20 ಕಿ.ಮೀ. ದೂರದ ದೊಡ್ಡ ಟವರ್‌ನಿಂದ ಬರುವುದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಮುನ್ನೂರರಲ್ಲಿ ಒಂದು ಪಾಲೂ ಸಾಕು. ಈ ಲೆಕ್ಕ ನೋಡಿದ ಮೇಲೇ ಧೈರ್ಯ ಬಂದಿದ್ದು.

ಹಳೇ ಆಂಟೆನಾದ ಕಡ್ಡಿಗಳು ನಿಂತಿದ್ದವು. ರಿಲೇಗಳು ಹೆಚ್ಚಾಗಿ ಲಂಬವಾಗಿ ಕಳಿಸುತ್ತವೆ, ದೊಡ್ಡ ಟವರ್ ಅಡ್ಡಕ್ಕೆ. ಹಾಗಾಗಿ ಹೊಸ ಆಂಟೆನಾದ ಕಡ್ಡಿ ಮಲಗಿಸಿ ಕಟ್ಟಬೇಕು. ಇದರಿಂದ ಇನ್ನೊಂದು ಲಾಭ: ಪಕ್ಕದ ರಿಲೇಯ ಜೋರು ಸಿಗ್ನಲ್ ತಾನಾಗಿ ಸ್ವಲ್ಪ ದೂರ ಉಳಿಯುತ್ತದೆ.

ಮೇ, ಅಟ್ಟದಲ್ಲಿ

ಮೊದಲು ಸುಲಭದ ದಾರಿ ನೋಡಿದೆ. ಅಟ್ಟದೊಳಗೆ ಒಂದು ಲಾಗ್ ಪೀರಿಯಾಡಿಕ್ ಆಂಟೆನಾ (ಎಲ್ಲ ಟಿವಿ ಫ್ರೀಕ್ವೆನ್ಸಿಗಳನ್ನೂ ಹಿಡಿಯುವ ಥರದ್ದು) ಇಟ್ಟೆ. ಸೆಕೆಂಡ್ ಹ್ಯಾಂಡ್ ಮೀಟರ್ ಒಂದನ್ನು ಕೊಂಡಿದ್ದೆ, ಎಂಇಆರ್ ತೋರಿಸುತ್ತದೆ. ಎಂಇಆರ್ ಅಂದರೆ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಅಲ್ಲ, ಎಷ್ಟು ಶುದ್ಧವಾಗಿದೆ ಅಂತ. ಸಾರ್ವಜನಿಕ ಮೂಟೆಗಳಲ್ಲಿ 19, ಕಮರ್ಷಿಯಲ್‌ನಲ್ಲಿ 16 ಬಂತು. ಮೊದಲಿನವು ಬಂದವು, ಎರಡನೆಯವು ಬರಲಿಲ್ಲ.

ಯಾಕೆ ಹೀಗೆ ಅಂತ ಎರಡು ದಿನ ಓದಿದೆ. ಡಿಜಿಟಲ್ ಸಿಗ್ನಲ್‌ನಲ್ಲಿ ಚಿತ್ರದ ಜೊತೆ ತಪ್ಪು ತಿದ್ದುವ ಬಿಟ್‌ಗಳನ್ನೂ ಸೇರಿಸಿ ಕಳಿಸುತ್ತಾರೆ. ಸಾರ್ವಜನಿಕ ಎಸ್‌ಡಿ (ಎಚ್‌ಡಿ ಅಲ್ಲದ, ಸಾಮಾನ್ಯ ಗುಣಮಟ್ಟದ) ಮೂಟೆಗಳಲ್ಲಿ ಮೂರರಲ್ಲಿ ಒಂದು ಪಾಲು ಇಂಥ ಕಾವಲು ಬಿಟ್. ಕಮರ್ಷಿಯಲ್ ಮೂಟೆಗಳಲ್ಲಿ ನಾಲ್ಕರಲ್ಲಿ ಒಂದೇ ಪಾಲು. ಕಾವಲು ಕಡಿಮೆ ಮಾಡಿದ್ದರಿಂದ ಅಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಬದಲು 27 ಹಿಡಿಸುತ್ತದೆ, ಚಾನೆಲ್ ಜಾಸ್ತಿ ತುಂಬಬಹುದು. ಬೆಲೆ ಕೊಡುವವರು ಗುಡ್ಡದ ನೆರಳಿನಲ್ಲಿರುವ ನಮ್ಮಂಥವರು.

ಅಟ್ಟದಲ್ಲಿ ಅಮ್ಮ ನನ್ನ ಜೊತೆ ಇರಲಿಲ್ಲ, ಕೆಳಗೆ ಟಿವಿ ಮುಂದೆ ಕೂತು ಕೂಗಿ ಹೇಳುತ್ತಿದ್ದರು. ನಮ್ಮೂರಿನಲ್ಲಿ ಅಪ್ಪ ಹಂಚಿನ ಮೇಲೆ ಹತ್ತಿ ಬಿದಿರು ಗಳಕ್ಕೆ ಕಟ್ಟಿದ ಆಂಟೆನಾ ತಿರುಗಿಸುವಾಗಲೂ ಇದೇ ಕೆಲಸ ಅವರದು. "ಬಂತಾ?" "ಇಲ್ಲ, ಇನ್ನೂ ಹುಳ ಹುಳ." "ಈಗ?" "ಸ್ವಲ್ಪ ಬಂತು, ಇನ್ನೊಂಚೂರು ಆ ಕಡೆ." ಆಗಿನ ದೂರದರ್ಶನಕ್ಕೆ ಅಮ್ಮನ ಕಣ್ಣೇ ಮೀಟರ್. ಚಿತ್ರ ಎಷ್ಟು ಕೆಟ್ಟಿದೆ ಅಂತ ನೋಡಿದರೆ ಸಿಗ್ನಲ್ ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಎಂಇಆರ್ 30 ಇದ್ದರೂ 18 ಇದ್ದರೂ ಅಮ್ಮ "ಚೆನ್ನಾಗಿದೆ" ಅನ್ನುತ್ತಾರೆ, ಯಾಕೆಂದರೆ ಚಿತ್ರ ಒಂದೇ ಥರ ಇರುತ್ತದೆ. 17ಕ್ಕೆ ಇಳಿದರೆ ಚೌಕ ಚೌಕ ಒಡೆಯುತ್ತದೆ, 16ಕ್ಕೆ ಕಪ್ಪು. ಬಂಡೆಯ ಅಂಚಿನಲ್ಲಿ ನಡೆದ ಹಾಗೆ. ಕಾಲು ಜಾರುವವರೆಗೆ ಅಂಚು ಹತ್ತಿರ ಇದೆ ಅಂತ ತಿಳಿಯುವುದಿಲ್ಲ. ಅದಕ್ಕೇ ಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ.

ಜೂನ್ ಮೊದಲ ವಾರ, ಬೂಸ್ಟರ್

ಆಂಟೆನಾವನ್ನು ಹೊರಗಿನ ಗೋಡೆಯ ಮೇಲಕ್ಕೆ ಸಾಗಿಸಿದೆ. ಅಂಗಡಿಯಲ್ಲಿ ಹೇಳಿದರು ಅಂತ 26 ಡೆಸಿಬೆಲ್ ಬೂಸ್ಟರ್ ಕೂಡ ಹಾಕಿದೆ. ಟಿವಿಯ ಸಿಗ್ನಲ್ ಪಟ್ಟಿ 98 ಶೇಕಡಾ ತೋರಿಸಿತು. ಚಿತ್ರ ಮಾತ್ರ ಮೊದಲಿಗಿಂತ ಹಾಳು. ಎಂಇಆರ್ 15ಕ್ಕೆ ಬಿದ್ದಿತ್ತು.

ಬೂಸ್ಟರ್‌ಗೆ ಬೇಕಾದ್ದು ಬೇಡದ್ದು ಗೊತ್ತಾಗುವುದಿಲ್ಲ, ಎಲ್ಲವನ್ನೂ ಎತ್ತುತ್ತದೆ. ಪಕ್ಕದ ರಿಲೇ, ಮೊಬೈಲ್ ಟವರ್, ಎಲ್ಲ ಸೇರಿ ಅದರೊಳಗೇ ಗೊಂದಲ ಎದ್ದು ಸಿಗ್ನಲ್ ಕೊಳೆಯಾಗುತ್ತದೆ. 2020ರ ಹೊತ್ತಿಗೆ ಟಿವಿಯನ್ನು 694 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಸಿ ಮೇಲಿನ ಜಾಗವನ್ನು ಮೊಬೈಲ್‌ಗೆ ಕೊಟ್ಟರು. ಹಾಗಾಗಿ ನೆರೆಮನೆಯ ಗಲಾಟೆ ಈಗ ಗೋಡೆಗೇ ತಾಗಿ ಕೂತಿದೆ. ಬೂಸ್ಟರ್ ಬಿಚ್ಚಿ, 694ರ ಮೇಲಿನದನ್ನು ತಡೆಯುವ ಒಂದು ಫಿಲ್ಟರ್ ಹಾಕಿದೆ. ಸಾರ್ವಜನಿಕ 22, ಕಮರ್ಷಿಯಲ್ 20. ಪಟ್ಟಿ 60 ಶೇಕಡಾಕ್ಕೆ ಇಳಿಯಿತು, ಚಿತ್ರ ಗಟ್ಟಿಯಾಯಿತು.

ಜೂನ್ ಕೊನೆ, ಸಮುದ್ರದ ಮಂಜು

ಮೂರು ದಿನ ಒಳ್ಳೆ ಬಿಸಿಲು, ಗಾಳಿ ಇಲ್ಲ. ಸಂಜೆಗೆ ಕರಾವಳಿ ಕಡೆಯಿಂದ ಮಂಜು ಬಂತು, ಇಲ್ಲಿಯವರು ಸೀ ಫ್ರೆಟ್ ಅನ್ನುತ್ತಾರೆ. ಅಷ್ಟರಲ್ಲಿ ಎರಡು ಮೂಟೆ ಮಾಯ. ಹವೆಯ ಒತ್ತಡ ಜಾಸ್ತಿ ಇದ್ದಾಗ ತಣ್ಣನೆ ಗಾಳಿಯ ಮೇಲೆ ಬಿಸಿ ಗಾಳಿ ಹಾಸಿಗೆ ಹಾಸಿದ ಹಾಗೆ ಕೂರುತ್ತದೆ. ದೂರದ ಟವರ್‌ಗಳ ಸಿಗ್ನಲ್ ಅದರಡಿ ಸಿಕ್ಕಿಕೊಂಡು ನೂರಾರು ಕಿ.ಮೀ. ಹರಿದು ಬರುತ್ತದೆ, ಕಡಲಾಚೆಯಿಂದಲೂ. ಅದೇ ಫ್ರೀಕ್ವೆನ್ಸಿ, ಬೇರೆ ಟವರ್. ಎರಡೂ ಡಿಕ್ಕಿ.

ರೆಡ್‌ಕಾರ್‌ನಲ್ಲಿರುವ ನಮ್ಮ ಕನ್ನಡದ ಸ್ನೇಹಿತರೊಬ್ಬರು ಅವತ್ತೇ ಗಾಬರಿಯಾಗಿ ಟಿವಿ ರೀಟ್ಯೂನ್ ಮಾಡಿದರು, ಅಂದರೆ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿದರು. ಇದ್ದ ಚಾನೆಲ್‌ಗಳೂ ಅಳಿಸಿಹೋದವು. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಹವೆಯಲ್ಲಿ ಸುಮ್ನೆ ಕಾಯಬೇಕು. ನಾನು ಕಾದೆ, ಎರಡನೇ ದಿನ ಗಾಳಿ ಬೀಸಿತು, ಎಲ್ಲ ವಾಪಸ್ ಬಂತು.

ಜುಲೈ, ಸಂಜೆ ಏಳರ ಕಾಟ

ಇದು ನನ್ನನ್ನು ತುಂಬಾ ಕಾಡಿತು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಟಿವಿ ಹ್ಯಾಟ್ (ಟಿವಿ ಸಿಗ್ನಲ್ ಹಿಡಿಯುವ ಕಾರ್ಡ್) ಸಿಕ್ಕಿಸಿ ಪ್ರತಿ ನಿಮಿಷ ಸಿಗ್ನಲ್ ಗುಣಮಟ್ಟ, ತಪ್ಪುಗಳ ಲೆಕ್ಕ ಬರೆದಿಡುವ ಸಣ್ಣ ಸ್ಕ್ರಿಪ್ಟ್ ಓಡಿಸಿದ್ದೆ. ಒಂದು ವಾರದ ಗ್ರಾಫ್ ನೋಡಿದರೆ ಹಗಲೆಲ್ಲ ಸಮತಟ್ಟು. ಸಂಜೆ ಏಳರ ಸುಮಾರಿಗೆ ತಪ್ಪುಗಳು ಮುಳ್ಳಿನ ಹಾಗೆ ಏಳುತ್ತವೆ, ಹತ್ತೂವರೆಗೆ ನಿಲ್ಲುತ್ತವೆ. ಹವೆ ಗಡಿಯಾರ ನೋಡಿಕೊಂಡು ಬರುವುದಿಲ್ಲ ಅಲ್ವಾ? ಮನೆಯೊಳಗಿನದೇ ಏನೋ ಅನ್ನಿಸಿತು.

ಫ್ರಿಜ್ ಆರಿಸಿದೆ, ಬಾಯ್ಲರ್ ಆರಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಬ್ಯಾಟರಿ ರೇಡಿಯೊ ತೆಗೆದು ಎಎಮ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಮನೆಯೆಲ್ಲ ಓಡಾಡಿದೆ. ಮೆಟ್ಟಿಲ ಮೇಲಿನ ಎಲ್‌ಇಡಿ ಬಲ್ಬ್ ಹತ್ತಿರ ಹೋದಂತೆ ಜೀರುಂಡೆ ಕೂಗಿದ ಹಾಗೆ ಗುಂಯ್ ಅಂತ ಶುರು. ಕೈ ಹಿಂದೆ ತೆಗೆದರೆ ಕಡಿಮೆ, ಮುಂದೆ ಚಾಚಿದರೆ ಜೋರು. ಬಲ್ಬ್ ಆರಿಸಿದ ಕೂಡಲೇ ಪೂರ್ತಿ ಮೌನ. ಅದರ ಸರಿ ಮೇಲೆ, ಒಂದು ಗೇಣು ದೂರದಲ್ಲಿ, ಅಟ್ಟದ ಹಲಗೆ ಮೇಲೆ ಹಳೇ ಕಂದು ಬಣ್ಣದ ಆಂಟೆನಾ ಕೇಬಲ್ ಹಾದುಹೋಗಿತ್ತು. ಸಿಪ್ಪೆ ಸುಲಿದು ನೋಡಿದೆ. ಒಳಗಿನ ತಂತಿ ಜಾಲರಿ ಎಷ್ಟು ವಿರಳ ಅಂದರೆ ಬೆರಳಲ್ಲಿ ಸರಿಸಿದರೆ ಬಿಳಿ ಪ್ಲಾಸ್ಟಿಕ್ ಕಾಣುತ್ತಿತ್ತು. ಬಲ್ಬ್ ಬದಲಿಸಿದೆ. ಕೇಬಲ್ ಕೂಡ ತೆಗೆದು, ತಾಮ್ರದ ಹಾಳೆ ಮತ್ತು ಜಾಲರಿ ಎರಡೂ ಇರುವ ಹೊಸದನ್ನು ಎಳೆದೆ. ಮರುದಿನದ ಗ್ರಾಫ್‌ನಲ್ಲಿ ಒಂದು ಮುಳ್ಳೂ ಇಲ್ಲ.

ಆಗಸ್ಟ್, ಅರವತ್ತು ಸೆಂಟಿಮೀಟರ್

ಉಳಿದಿದ್ದು ಗಾಳಿ ದಿನಗಳ ಸಮಸ್ಯೆ. ಗುಡ್ಡದ ನೆತ್ತಿಯ ಮರಗಳು ಅಲ್ಲಾಡಿದರೆ, ಅದರಲ್ಲೂ ಒದ್ದೆಯಾಗಿದ್ದರೆ, ಎಂಇಆರ್ ಎರಡು ಮೂರು ಡೆಸಿಬೆಲ್ ಏರಿಳಿಯುತ್ತದೆ. 20ರಿಂದ ಮೂರು ಹೋದರೆ ಕಮರ್ಷಿಯಲ್ ಮೂಟೆ ಅಂಚು ದಾಟಿ ಬೀಳುತ್ತದೆ. ಹಾಗಾಗಿ ಇನ್ನೂ ಸ್ವಲ್ಪ ಮೀಸಲು ಬೇಕಿತ್ತು.

ಎತ್ತರ ಹೆಚ್ಚಿಸಿದರೆ ಸರಿಹೋದೀತು ಅಂತ ಕಂಬವನ್ನು ಮೇಲೆ ಸರಿಸಿದೆ. ಎಂಇಆರ್ ಕಡಿಮೆಯಾಯಿತು. ಆಮೇಲೆ ಕ್ಲ್ಯಾಂಪ್ ಸಡಿಲಿಸಿ 20 ಸೆಂಟಿಮೀಟರ್‌ನಂತೆ ಕೆಳಗೆ ಇಳಿಸುತ್ತಾ ಬಂದೆ. ಪಕ್ಕದ ಮನೆಯವರು ಏಣಿ ಹಿಡಿದಿದ್ದರು, ಅಮ್ಮ ಕಿಟಕಿಯಲ್ಲಿ ಮೀಟರ್ ಹಿಡಿದು ಅಂಕಿ ಓದಿದರು. "ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತಮೂರು." ಮೊದಲಿನ ಜಾಗಕ್ಕಿಂತ 60 ಸೆಂಟಿಮೀಟರ್ ಕೆಳಗೆ "ಇಪ್ಪತ್ತನಾಲ್ಕು, ನಿಲ್ಲು!" ಅಂದರು. ಅಂಚಿನಲ್ಲಿ ಬಾಗಿ ಬಂದ ಸಿಗ್ನಲ್‌ನ ಜೊತೆ ಛಾವಣಿಗಳಿಂದ, ಮರಗಳಿಂದ ಪ್ರತಿಫಲಿಸಿದ್ದೂ ಬರುತ್ತದೆ. ಕೆಲವು ಕಡೆ ಅವು ಒಂದನ್ನೊಂದು ಕೂಡಿಸುತ್ತವೆ, ಕೆಲವು ಕಡೆ ಕಳೆಯುತ್ತವೆ. ಈ ಫ್ರೀಕ್ವೆನ್ಸಿಗಳಲ್ಲಿ ಒಂದು ಅಲೆ ಅರ್ಧ ಮೀಟರ್ ಆಸುಪಾಸು, ಅದಕ್ಕೇ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ವ್ಯತ್ಯಾಸ. ಸಾರ್ವಜನಿಕ ಮೂಟೆಗಳು ಈಗ 27.

ಬುಧವಾರ ರಾತ್ರಿ ಮಳೆ, ಗಾಳಿ ಎರಡೂ ಇತ್ತು. ಅಮ್ಮ ಒಂದು ಹಳೇ ರೈಲು ದರೋಡೆ ಸಿನಿಮಾವನ್ನು ಒಂದು ಚೂರೂ ಒಡೆಯದೆ ಕೊನೆವರೆಗೆ ನೋಡಿದರು. ಆರನೇ ಮೂಟೆಯಲ್ಲಿ ಮಾತ್ರ ನಡುರಾತ್ರಿ ಎರಡು ನಿಮಿಷ ತಪ್ಪುಗಳು ದಾಖಲಾಗಿವೆ. ಅಕ್ಟೋಬರ್‌ನ ಬಿರುಗಾಳಿಗೆ ಮುಂಚೆ ಕಂಬಕ್ಕೆ ಇನ್ನೊಂದು ಕಟ್ಟು ಹಾಕಬೇಕು, ಹೊರಗಿನ ಕನೆಕ್ಟರ್‌ಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಬೇಕು. ಟೇಪ್ ನಾಳೆ ಬರುತ್ತದೆ.